ಅಪ್‌ಡೇಟ್: ಹೆರಿಗೆಯಾದ ಮೇಲೆ ಹೆಂಡತಿ ಮಂಕಾಗಿದ್ದಾಳೆ ಅಂತ ಕೇಳಿದ್ದೆ

ಹೋದ ತಿಂಗಳು ಕೇಳಿದ್ದೆ: ಎರಡೂವರೆ ತಿಂಗಳ ಬಾಣಂತಿ, ಮಗು ಅತ್ತರೂ ಗೋಡೆ ನೋಡ್ತಾ ಕೂರುತ್ತಾಳೆ ಅಂತ. ಅತ್ತೆ ದೃಷ್ಟಿ ತೆಗೆದರು, ಆಮೇಲೆ ಬಾಣಂತಿ ಸನ್ನಿ ಅಂದರು.

ನೀವು ಹೇಳಿದ ಹಾಗೆ ಟೆಲಿ ಮಾನಸ್‌ಗೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ), 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಆಮೇಲೆ ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ. ನಮಗೆ ಅಡ್ಮಿಟ್ ಬೇಕಾಗಲಿಲ್ಲ.

ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕೊನೆಯದು, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ. ಪೆನ್ ಹಿಡಿದು ತುಂಬಾ ಹೊತ್ತು ಸುಮ್ನೆ ಕೂತಳು. ‘ಒಮ್ಮೊಮ್ಮೆ’ಗೆ ಟಿಕ್ ಹಾಕಿದಳು. ಪಕ್ಕದಲ್ಲೇ ಮಲಗುವ ನನಗೆ ಗೊತ್ತೇ ಇರಲಿಲ್ಲ.

ಸನ್ನಿ ಅಲ್ಲವಂತೆ. ಅದರಲ್ಲಿ ಭ್ರಮೆ, ಇಲ್ಲದ ದನಿ ಕೇಳಿಸೋದು ಇರುತ್ತೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಇದು ಡಿಪ್ರೆಶನ್. ಸರ್ಟ್ರಾಲಿನ್ ಅನ್ನೋ ಡಿಪ್ರೆಶನ್ ಮಾತ್ರೆ ಕೊಟ್ಟಿದ್ದಾರೆ, ಹಾಲೂಡಿಸಬಹುದು ಅಂದರು. ರಾತ್ರಿ ಅವಳಿಗೆ ನಿದ್ದೆ ಬೇಕೇ ಬೇಕು ಅಂದಿದ್ದಕ್ಕೆ ಈಗ ನಡುರಾತ್ರಿ ಎರಡು ಗಂಟೆಗೆ ಎದ್ದು ಮಗು ನೋಡುವ ಪಾಳಿ ನನ್ನದು.

ದೊಡ್ಡ ಮಗಳಿಗೆ ಐದು ವರ್ಷ. ಇಷ್ಟು ದಿನ ಮನೆಯಲ್ಲಿ ತುದಿಗಾಲಲ್ಲೇ ಓಡಾಡುತ್ತಿದ್ದಳು. ನಿನ್ನೆ ಜಡೆ ಹಾಕು ಅಂತ ಅಮ್ಮನ ಹತ್ತಿರ ಹಟ ಮಾಡಿದಳು. ಹಾಕಿದಳು, ಸ್ವಲ್ಪ ಸೊಟ್ಟ.