ಕೆಮ್ಮು ನಿಂತ್ಮೇಲೂ ಆರು ತಿಂಗ್ಳು ಮಾತ್ರೆ ಯಾಕ್ ಗುರು?

ಕಬ್ಬಿನಗದ್ದೆ (ಮಂಡ್ಯ):
ನಮ್ ಮಾವಂಗೆ ಶ್ವಾಸಕೋಶದ ಟಿಬಿ, ಮಾತ್ರೆ ಶುರುವಾಗಿ ಒಂದೂವರೆ ತಿಂಗ್ಳಾಯ್ತು. ಕೆಮ್ಮು ನಿಂತದೆ, ಎರಡೆರಡು ಮುದ್ದೆ ಉಣ್ತಾವ್ರೆ, ಈಗ ನೋಡುದ್ರೆ ಉಚ್ಚೆ ಕೆಂಪಗೆ ಹೋಯ್ತದೆ ಮಾತ್ರೆ ಸಾಕು ಅಂತ ಹಟ ಹಿಡ್ದವ್ರೆ. ಆಶಾ ಅಕ್ಕ ಹೇಳುದ್ರೂ ಕೇಳ್ತಿಲ್ಲ. ನಂದೂ ಒಂದ್ ಡೌಟು, ನೆಗಡಿ ಆದ್ರೆ ಮೈಯೇ ವಾರದಲ್ಲಿ ಸರಿ ಮಾಡ್ಕತದೆ, ಈ ಟಿಬಿ ರೋಗಾಣುನ ಬಿಳಿ ರಕ್ತಕಣ ಯಾಕೆ ತಿಂದಾಕಲ್ಲ?

ಸ್ಲೈಡ್ ಸೀನ (ಮೈಸೂರು):
ತಿನ್ನುತ್ತೆ ಸಾರ್, ಅಲ್ಲೇ ಇರೋದು ಎಡವಟ್ಟು. ಮ್ಯಾಕ್ರೋಫೇಜ್ ಅನ್ನೋ ಕಣ ನುಂಗುತ್ತೆ, ಬೇರೆ ಬ್ಯಾಕ್ಟೀರಿಯಾ ಆಗಿದ್ರೆ ನುಂಗಿದ ಚೀಲಕ್ಕೆ ಆಸಿಡ್ಡು ಕಿಣ್ವ ತುಂಬಿರೋ ಇನ್ನೊಂದು ಚೀಲ ಬಂದು ಸೇರ್ಕೊಂಡು ಅರಗಿಸಿಬಿಡುತ್ತೆ, ಇದು ಆ ಎರಡು ಸೇರದಂಗೆ ತಡೆದು ನುಂಗಿದವನ ಹೊಟ್ಟೇಲೇ ಸಂಸಾರ ಹೂಡುತ್ತೆ! ಮೈಮೇಲೆ ಮೇಣದ ಹೊದಿಕೆ ಬೇರೆ. ಲ್ಯಾಬಲ್ಲಿ ಕಫದ ಸ್ಲೈಡಿಗೆ ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆಸಿಡ್ಡಲ್ಲಿ ತೊಳೆದು, ಮೇಲೆ ನೀಲಿ ಹಾಕ್ತೀವಿ. ಮಿಕ್ಕಿದ್ದೆಲ್ಲ ನೀಲಿ ಆಗೋಗುತ್ತೆ, ಇವು ಮಾತ್ರ ಸಣ್ಣ ಕೆಂಪು ಕಡ್ಡಿ ಥರ ಹಂಗೇ ಕೂತಿರ್ತವೆ. 1882ರಲ್ಲಿ ಈ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್‌ಗೂ ಇದಕ್ಕೆ ಬಣ್ಣ ಹಿಡಿಸೋದೇ ದೊಡ್ಡ ಪಾಡಾಗಿತ್ತು.

ಹಳೇ ಅಗ್ರಹಾರ:
ಮೈಸೂರಲ್ಲಿ ಕೆಆರ್‌ಎಸ್ ರೋಡಿನ ಪಿಕೆಟಿಬಿ ಆಸ್ಪತ್ರೆ ಗೊತ್ತಲ್ಲ, ಇದೇ ಕಾಯಿಲೇಲಿ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಲ್ಲೇ ಅದು ಇರೋದು. ಅರಮನೆಯವರನ್ನೂ ಬಿಡ್ಲಿಲ್ಲ.

ಡಾಕ್ಟ್ರಮ್ಮ:
ಸೀನ ಹೇಳಿದ್ದು ಸರಿ, ಅರ್ಧ ಕಥೆ ಉಳೀತು. ಕೊಲ್ಲೋಕಾಗದೆ ಹೋದಾಗ ಕಣಗಳೆಲ್ಲ ಸೇರಿ ಸುತ್ತ ಗಂಟು ಕಟ್ತವೆ, ಗ್ರಾನುಲೋಮ ಅಂತೀವಿ. ಹೆಚ್ಚಿನವರಲ್ಲಿ ಅದು ಅಲ್ಲೇ ಮಲಗಿರುತ್ತೆ, ಸೋಂಕಾದ ನೂರು ಜನದಲ್ಲಿ ಜೀವಮಾನದಲ್ಲಿ 5ರಿಂದ 10 ಜನಕ್ಕಷ್ಟೇ ಕಾಯಿಲೆ ಆಗೋದು. ಶುಗರ್, ಎಚ್‌ಐವಿ, ಊಟ ಇಲ್ದೆ ಸೊರಗೋದು, ಇವಿದ್ರೆ ಕಾವಲು ಸಡಿಲ ಆಗುತ್ತೆ. ಗಂಟಿನ ನಡುಭಾಗ ಸತ್ತು ಗಿಣ್ಣು ಥರ ಮೆತ್ತಗಾಗಿ ಶ್ವಾಸನಾಳಕ್ಕೆ ಒಡೆದ್ರೆ ಕೆಮ್ಮಿದಾಗೆಲ್ಲ ರೋಗಾಣು ಗಾಳಿಗೆ. ಶ್ವಾಸಕೋಶ ಹಾಳಾಗೋದರಲ್ಲಿ ನಮ್ಮ ಮೈಯ ಜಗಳದ ಪಾಲೇ ಜಾಸ್ತಿ.

ಈ ರೋಗಾಣು ಒಂದು ಎರಡಾಗೋಕೆ ಸುಮಾರು 20 ಗಂಟೆ ಬೇಕು, ಕೆಲವಂತೂ ನಿದ್ದೆಗೇ ಬಿದ್ದಿರ್ತವೆ, ನಿದ್ದೇಲಿರೋದನ್ನ ಔಷಧ ಬೇಗ ಕೊಲ್ಲಲ್ಲ, ಅದಕ್ಕೇ ಆರು ತಿಂಗ್ಳು. ಈಗ ಬಿಟ್ರೆ ಉಳಿದವು ಎದ್ದು ಬರ್ತವೆ, ಮಾತ್ರೆಗೂ ಬಗ್ಗದಂಗೆ ಆಗಬಹುದು. ಉಚ್ಚೆ ಕೆಂಪಾಗೋದು ಟಿಬಿ ಮಾತ್ರೇಲಿರೋ ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣ ಅಷ್ಟೇ. ಮಾವಂಗೆ ಶುಗರ್ ಚೆಕ್ ಮಾಡ್ಸಿದ್ರಾ?

ಕಬ್ಬಿನಗದ್ದೆ:
ನಾಳೆ ಮಾಡುಸ್ತೀನಿ ಮೇಡಂ. ಗಿಣ್ಣಿನ ಕಥೆ ಹೇಳ್ದೆ, ಇನ್ಮೇಕೆ ಗಿಣ್ಣೇ ಮುಟ್ಟಾಕಿಲ್ಲ ಅಂದ್ರು, ಆದ್ರೆ ಮಾತ್ರೆ ನುಂಗುದ್ರು.