ಚಿಲ್ಲರೆಯಲ್ಲಿ ಸಿಕ್ಕ ಹಳೆಯ ನೋಟು: ಏನನ್ನು ನೋಡಬೇಕು, ಏನು ಮಾಡಬಾರದು?

ಪ್ರಶ್ನೆ (ದಿನಸಿ ಅಂಗಡಿ, ಸಿದ್ದಾಪುರ)

ನಮಸ್ಕಾರ ಸರ್. ತೋಟಗಳಲ್ಲಿ ಬಟವಾಡೆಯಾದ ದಿನ ಸಂಜೆ ನಮ್ಮ ಗಲ್ಲಾಪೆಟ್ಟಿಗೆ ಹತ್ತು, ಇಪ್ಪತ್ತರ ನೋಟುಗಳಿಂದ ತುಂಬಿಬಿಡುತ್ತದೆ. ಮೊನ್ನೆ ಎಣಿಸುವಾಗ ಮೂರು ನೋಟುಗಳು ಕಣ್ಣಿಗೆ ಬಿದ್ದವು. ಒಂದು, ಹುಲಿಯ ಚಿತ್ರವಿರುವ ಎರಡು ರೂಪಾಯಿ. ಇನ್ನೊಂದು ಹತ್ತರ ನೋಟು. ಅದರ ಸಂಖ್ಯೆಯ ನಡುವೆ ನಕ್ಷತ್ರವಿದೆ, ನಕಲಿಯೇನೋ ಎಂಬ ಅನುಮಾನ. ಮೂರನೆಯದನ್ನು ತೋಟದ ಕೆಲಸಗಾರರ ಲೈನ್‌ಮನೆಯ ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ತೆಗೆದುಕೊಟ್ಟರು. ಅದೂ ಹತ್ತು ರೂಪಾಯಿ, ಹಿಂಬದಿಯಲ್ಲಿ ಗಾಂಧೀಜಿ ಕುಳಿತಿದ್ದಾರೆ. ಇಂಥ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತು ಮೊಬೈಲ್‌ನಲ್ಲಿ ಬರುತ್ತಲೇ ಇದೆ. ಮಳೆಗಾಲಕ್ಕೆ ಮುಂಚೆ ಲ್ಯಾಮಿನೇಷನ್ ಮಾಡಿಸಿ ಇಡಲೇ?

ಉತ್ತರ (ಹಳೆಯ ನೋಟು, ನಾಣ್ಯಗಳ ವ್ಯಾಪಾರಿ, ಮಡಿಕೇರಿ)

ಅಮ್ಮಾ, ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲಾಗುವುದಿಲ್ಲ. ಸಂಗ್ರಾಹಕರು ಅಂಥ ನೋಟನ್ನು ಕೈಯಲ್ಲಿ ಹಿಡಿದೂ ನೋಡುವುದಿಲ್ಲ.

ಹುಲಿಯ ನೋಟಿನ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಎರಡು ರೂಪಾಯಿ ನೋಟಿನ ಮುದ್ರಣ 1995ರಲ್ಲಿ ನಿಂತಿತಾದರೂ ಅದಕ್ಕೆ ಮೊದಲು ಅಪಾರವಾಗಿ ಅಚ್ಚಾಗಿತ್ತು. ಈಗಲೂ ಅದು ಚಲಾವಣೆಗೆ ಅರ್ಹವಾದ ಹಣವೇ. ಗರಿಗರಿಯಾಗಿದ್ದರೆ ಕೊಳ್ಳುವವರು ಸಿಗುತ್ತಾರೆ, ಮಡಿಕೆ ಬಿದ್ದು ಮೆತ್ತಗಾಗಿದ್ದರೆ ನೆನಪಿಗೆಂದು ಇಟ್ಟುಕೊಳ್ಳಿ. ಹಳೆಯದಾದಷ್ಟೂ ಬೆಲೆ ಎಂಬುದು ನಮ್ಮ ವ್ಯಾಪಾರದಲ್ಲಿ ನಡೆಯದ ಮಾತು.

ನಕ್ಷತ್ರದ ನೋಟು ನಕಲಿಯಲ್ಲ. ಮುದ್ರಣಾಲಯದಲ್ಲಿ ಕೆಟ್ಟುಹೋದ ಹಾಳೆಗಳ ಬದಲಿಗೆ ಸೇರಿಸುವ ನೋಟುಗಳಿಗೆ ರಿಸರ್ವ್ ಬ್ಯಾಂಕ್ 2006ರಿಂದ ಈ ಗುರುತು ಹಾಕುತ್ತಿದೆ. ಮೊದಲ ಅಕ್ಷರಗಳಿಗೂ ಸಂಖ್ಯೆಗೂ ನಡುವಿನ ಜಾಗದಲ್ಲಿ ನಕ್ಷತ್ರ ಇರುತ್ತದೆ. 2023ರಲ್ಲಿ ಇದು ನಕಲಿ ಎಂಬ ವದಂತಿ ಹಬ್ಬಿದಾಗ ಬ್ಯಾಂಕೇ ಸ್ಪಷ್ಟನೆ ಕೊಡಬೇಕಾಯಿತು. ಕೈಯಿಂದ ಕೈಗೆ ಓಡಾಡಿದ ನಕ್ಷತ್ರದ ನೋಟಿಗೆ ದೊಡ್ಡ ಬೆಲೆ ಇಲ್ಲ, ಆದರೆ ಹೊಸದಾಗಿ ಸಂಗ್ರಹ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಎತ್ತಿಡಿ.

ಇನ್ನು ಅಜ್ಜಿ ಕೊಟ್ಟದ್ದು. ಓದುತ್ತಿದ್ದಂತೆ ನನ್ನ ಕಿವಿ ನೆಟ್ಟಗಾಯಿತು. 1969ರಲ್ಲಿ ಗಾಂಧೀಜಿಯ ಜನ್ಮಶತಮಾನೋತ್ಸವಕ್ಕೆಂದು ಒಂದು, ಎರಡು, ಐದು, ಹತ್ತು ಮತ್ತು ನೂರು ರೂಪಾಯಿಗಳಲ್ಲಿ ವಿಶೇಷ ನೋಟುಗಳು ಬಂದವು. ಕುಳಿತ ಗಾಂಧೀಜಿಯ ಹಿಂದೆ ಸೇವಾಗ್ರಾಮ ಆಶ್ರಮ ಕಾಣಿಸುತ್ತದೆ. ನಿಮ್ಮದು ಅದೇ ಆಗಿದ್ದರೆ ತಿರುಗಿಸಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ನೋಡಿ. ಹೆಚ್ಚಿನವುಗಳಲ್ಲಿ ಎಲ್.ಕೆ. ಝಾ ಅವರ ಸಹಿ ಇರುತ್ತದೆ. ಬಿ.ಎನ್. ಅಡಾರ್ಕರ್ ಅವರದ್ದಾದರೆ ನೋಟನ್ನು ಯಾರ ಕೈಗೂ ಕೊಡಬೇಡಿ. ಅವರು 1970ರ ಮೇ 4ರಿಂದ ಜೂನ್ 15ರವರೆಗೆ ಮಾತ್ರ ಗವರ್ನರ್ ಆಗಿದ್ದವರು; ಅವರ ಸಹಿಯ ನೋಟನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಒಂದು ಮಾತು ಹೇಳಲೇಬೇಕು: ಒಳ್ಳೆಯ ಬೆಲೆ ಬಂದರೆ ಆ ಅಜ್ಜಿಗೂ ಒಂದು ಪಾಲು ಮುಟ್ಟಿಸಿ. ಅವರು ಅದನ್ನು ಹತ್ತು ರೂಪಾಯಿ ಎಂದುಕೊಂಡೇ ಕೊಟ್ಟರು.

ಪ್ರಶ್ನೆ (ಗೋಣಿಕೊಪ್ಪ)

ಸರ್, ಅಜ್ಜನ ಪೆಟ್ಟಿಗೆಯಲ್ಲಿ 2016ರಲ್ಲಿ ರದ್ದಾದ 500, 1000ದ ನೋಟುಗಳು ಸಿಕ್ಕಿವೆ. ಮಾರಬಹುದೇ?

ಉತ್ತರ

ಮೊದಲು ಎಣಿಸಿ. 2017ರ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ಸಂಗ್ರಹದ ಉದ್ದೇಶವಾದರೆ ಇಪ್ಪತ್ತೈದರವರೆಗೆ ಅವಕಾಶ. ಮೀರಿದರೆ ದಂಡವಿದೆ. ಬೆಲೆಯ ಮಾತಂತೂ ಸದ್ಯಕ್ಕಿಲ್ಲ, ಎಲ್ಲರ ಮನೆಯಲ್ಲೂ ಇಂಥದ್ದು ಉಳಿದಿದೆ.

ಪ್ರಶ್ನೆ (ಸೋಮವಾರಪೇಟೆ)

786 ಸಂಖ್ಯೆಯ ನೋಟಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುತ್ತಿದ್ದಾರೆ. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪತ್ರವನ್ನೂ ಕಳುಹಿಸಿದ್ದಾರೆ.

ಉತ್ತರ

ಒಂದು ರೂಪಾಯಿಯನ್ನೂ ಕಟ್ಟಬೇಡಿ ಅಣ್ಣ! ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ಅಂಥ ಕೆಲಸವನ್ನು ತಾನು ಯಾರಿಗೂ ವಹಿಸಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. 786ಕ್ಕೆ ಬೆಲೆ ಕಟ್ಟುವುದು ಕೊಳ್ಳುವವರ ನಂಬಿಕೆ, ನೋಟಿನ ಅಪರೂಪವಲ್ಲ. ನಿಜವಾಗಿ ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ (ಮತ್ತೆ ಸಿದ್ದಾಪುರದಿಂದ)

ಹಾಗಾದರೆ ನೋಟುಗಳನ್ನು ಹೇಗೆ ಇಡಲಿ ಸರ್? ನಮ್ಮಲ್ಲಿ ಜುಲೈನಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಇಸ್ತ್ರಿ ಹಾಕಿ ನೇರ ಮಾಡಬಹುದೇ?

ಉತ್ತರ

ಇಸ್ತ್ರಿ ಹಾಕಬೇಡಿ, ತೊಳೆಯಬೇಡಿ, ಹರಿದ ಕಡೆ ಟೇಪು ಅಂಟಿಸಬೇಡಿ. ಇರುವ ಮಡಿಕೆಯೊಡನೆಯೇ ಇರಲಿ. ಇಸ್ತ್ರಿ ಕಂಡ ಕಾಗದ ಬೆರಳಿಗೆ ನುಣುಪಾಗಿ ಜಾರುತ್ತದೆ, ಅಚ್ಚಿನ ಉಬ್ಬು ಸತ್ತಿರುತ್ತದೆ. ಅನುಭವಿಗಳಿಗೆ ಕೂಡಲೇ ತಿಳಿಯುತ್ತದೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಚುಚ್ಚಿದ್ದರೆ ನಿಧಾನವಾಗಿ ತೆಗೆಯಿರಿ, ನಮ್ಮ ಹವೆಯಲ್ಲಿ ತುಕ್ಕು ಬಹುಬೇಗ ಕಾಗದಕ್ಕಿಳಿಯುತ್ತದೆ.

ಒಂದು ನೋಟಿಗೆ ಒಂದು ಪಾಲಿಯೆಸ್ಟರ್ (ಬಟ್ಟೆಯಲ್ಲ, ಪಾರದರ್ಶಕ ಹಾಳೆ) ಲಕೋಟೆ. ಘಾಟು ವಾಸನೆ ಬರುವ ಮೆತ್ತನೆಯ ಪಿವಿಸಿ ಕವರು ಬೇಡ, ಅದು ಬೆವರಿ ನೋಟಿಗೆ ಅಂಟಿಕೊಳ್ಳುತ್ತದೆ. ಲಕೋಟೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣವನ್ನು ಆಗಾಗ ಬದಲಾಯಿಸಿ. ಡಬ್ಬಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಹೊಗೆ ಹೋಗುವ ಅಟ್ಟವೂ ಬೇಡ.

ಗಲ್ಲಾಪೆಟ್ಟಿಗೆ ಎಣಿಸುವಾಗ ಇನ್ನೊಂದು ಕೆಲಸ ಮಾಡಿ: ಪ್ರತಿ ನೋಟಿನ ಮುಂಬದಿಯಲ್ಲಿ ಎರಡು ಕಡೆ ಅಚ್ಚಾಗಿರುವ ಸಂಖ್ಯೆಗಳನ್ನು ಹೋಲಿಸಿ ನೋಡಿ. ಎರಡೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ, ಅಥವಾ ಕತ್ತರಿಸುವಾಗ ಮಡಚಿಕೊಂಡು ಮೂಲೆಯಲ್ಲಿ ಹೆಚ್ಚುವರಿ ಕಾಗದ ಉಳಿದಿದ್ದರೆ, ಅದು ಮುದ್ರಣದೋಷದ ನೋಟು ಇರಬಹುದು. ಅಂಥದ್ದಕ್ಕೆ ಬೇಡಿಕೆ ಇದೆ. ಬಣ್ಣ ಮಾತ್ರ ಮಾಸಿದ್ದರೆ ನಂಬಬೇಡಿ, ರಾಸಾಯನಿಕ ಹಾಕಿ ಅಳಿಸುವವರೂ ಇದ್ದಾರೆ.

ಗಾಂಧೀಜಿ ನೋಟಿನ ಎರಡೂ ಬದಿಯ ಫೋಟೊವನ್ನು ಹಗಲು ಬೆಳಕಿನಲ್ಲಿ, ಬೆರಳು ಅಡ್ಡ ಬಾರದಂತೆ ತೆಗೆದು ಇಲ್ಲಿಗೇ ಹಾಕಿ. ಸಹಿ ಯಾರದೆಂದು ನೋಡಿ ಹೇಳುತ್ತೇನೆ.