ಪದಚರ್ಚೆ: ಮೆತ್ ‘ಲ್ಯಾಬ್’ಗೆ ಕಳ್ಳಬಟ್ಟಿ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಳಲ್ಲಿ ಹಬ್ಬಿದ ಮೆತಾಂಫೆಟಮಿನ್ (ಮೆತ್) ಎಂಬ ಮಾದಕವಸ್ತುವಿನ ಚಟದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಮೆತ್’ ಅನ್ನೋದನ್ನು ಹಾಗೇ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಅದನ್ನು ತಯಾರಿಸುವ ಜಾಗದ ಹೆಸರಲ್ಲಿ. ಅಲ್ಲಿನವರು ಲ್ಯಾಬ್ ಅನ್ನುತ್ತಾರೆ, ತಯಾರಿಸುವವನಿಗೆ ಕುಕ್. ‘ಪ್ರಯೋಗಾಲಯ’ ಅಂದರೆ ಬಿಳಿ ಕೋಟು ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ತೋಟದ ಮನೆಯ ಅಡುಗೆಕೋಣೆ, ಕೊಟ್ಟಿಗೆ, ಕೆಲವೊಮ್ಮೆ ಕಾರಿನ ಡಿಕ್ಕಿ. ‘ಅಡುಗೆಯವನು’ ಅಂದರಂತೂ ಮದುವೆಮನೆಯೇ!

ನನಗೆ ಹೊಳೆದಿದ್ದು ‘ಕಳ್ಳಬಟ್ಟಿ’. ಸಾರಾಯಿ ‘ಕಾಯಿಸುವುದು’ ಅನ್ನುತ್ತೇವಲ್ಲ, ಹಾಗೇ ಮೆತ್ ಕಾಯಿಸುವುದು. ಹಳ್ಳಿಗೂ ಹೊಂದುತ್ತದೆ. ಅಯೋವಾ ಅಂದರೆ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ. ಮನೆಗಳು ದೂರ ದೂರ, ಕಾಯಿಸಿದ ನಾತ ಯಾರ ಮೂಗಿಗೂ ಬಡಿಯುವುದಿಲ್ಲ. ಮೆತ್ ಕಾಯಿಸಲು, ಹೊಲಕ್ಕೆ ಗೊಬ್ಬರವಾಗಿ ಕೊಡುವ ಅಮೋನಿಯಾವನ್ನು ರೈತರ ಟ್ಯಾಂಕಿನಿಂದಲೇ ರಾತ್ರೋರಾತ್ರಿ ಕದಿಯುತ್ತಿದ್ದರು. ಗೊಬ್ಬರದ ಟ್ಯಾಂಕಿಗೂ ಬೀಗ ಹಾಕುವ ಕಾಲ ಬಂತು. ಇನ್ನೊಂದು ಸಾಮಾನು ನೆಗಡಿ ಮಾತ್ರೆ. 2005ರಲ್ಲಿ ರಾಜ್ಯ ಕಾನೂನು ತಂದು ಆ ಮಾತ್ರೆಯನ್ನು ಕೈಗೆ ಸಿಗದ ಹಾಗೆ ಔಷಧಿ ಅಂಗಡಿಯ ಕೌಂಟರಿನ ಹಿಂದಕ್ಕೆ ಸರಿಸಿತು. ಮರುವರ್ಷ ಇಡೀ ದೇಶಕ್ಕೇ ಅಂಥ ಕಾನೂನು ಬಂತು. ಬಟ್ಟಿಗಳು ಬಹಳ ಕಮ್ಮಿಯಾದವು. ಚಟ ಮಾತ್ರ ಹೋಗಲಿಲ್ಲ, ಮೆಕ್ಸಿಕೊದ ಸರಕು ಆ ಜಾಗ ತುಂಬಿತು.

ಆದರೂ ಅನುಮಾನ. ಕಳ್ಳಬಟ್ಟಿ ಅಂದ ಕೂಡಲೇ ಸಾರಾಯಿ, ಅದರ ಬೆನ್ನಿಗೇ ಅಮಲು, ತೂರಾಟ. ಮೆತ್ ಇದರ ಉಲ್ಟಾ. ನಿದ್ದೆ, ಹಸಿವು ಎರಡನ್ನೂ ಓಡಿಸಿ ದಿನಗಟ್ಟಲೆ ಎಚ್ಚರವಾಗಿಡುತ್ತದೆ. ಮಾಂಸದ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ಪಾಳಿ ದುಡಿಯಲು ಕೆಲವರು ಇದನ್ನು ಹಿಡಿದದ್ದೇ ಹೀಗೆ. ಅಮಲು, ಮತ್ತು, ನಶೆ ಯಾವುದೂ ಇದಕ್ಕೆ ಕೂರುತ್ತಿಲ್ಲ. ‘ಹುರುಪು’ ಅಂದರೆ ಹೊಗಳಿದ ಹಾಗಾಗುತ್ತದೆ, ಅಲ್ವಾ? ಇನ್ನೊಂದು, ಸಾರಾಯಿ ಬಟ್ಟಿ ಒಡೆದು ಹಾಕಿದರೆ ಅಲ್ಲಿಗೆ ಮುಗಿಯಿತು. ಮೆತ್ ಕಾಯಿಸಿದ ಮನೆಯ ಗೋಡೆ, ನೆಲಹಾಸಿನಲ್ಲಿ ವಿಷ ಉಳಿಯುತ್ತದೆ, ಅಲ್ಲೇ ಅಂಬೆಗಾಲಿಡುವ ಮಗುವಿಗೂ ತಾಗುತ್ತದೆ. ‘ಕಳ್ಳಬಟ್ಟಿ’ ಇಷ್ಟನ್ನೆಲ್ಲ ಹೊರುತ್ತದೆಯೇ?

ಸುಮ್ನೆ ‘ಮೆತ್ ಬಟ್ಟಿ’ ಅನ್ನೋಣವೇ? ನಮ್ಮ ಮೈಸೂರು ಕಡೆ ಇಟ್ಟಿಗೆ ಸುಡುವ ಜಾಗಕ್ಕೆ ಗೂಡು ಅನ್ನುತ್ತೇವೆ, ಗೊಂದಲವಿಲ್ಲ. ಇಟ್ಟಂಗಿ ಭಟ್ಟಿ ಅನ್ನುವ ಉತ್ತರ ಕರ್ನಾಟಕದ ಗೆಳೆಯರಿಗೆ ಹೇಗೆ ಕೇಳಿಸುತ್ತದೆ? ಸಾರಾಯಿ ಕಾಯಿಸುವವನಿಗೆ ನಿಮ್ಮ ಕಡೆ ಒಂದೇ ಪದದ ಹೆಸರಿದ್ದರೆ ಅದನ್ನೂ ತಿಳಿಸಿ.